ವೆಕ್ಟರ್ ಖಾಲಿ ಇದ್ದರೆ ಲೂಪ್ ಓಡಲೇಬಾರದು ಅಲ್ವಾ, ಮತ್ತೆ ಕ್ರ್ಯಾಶ್ ಯಾಕೆ?

ನಿಮ್ಮ ಸಿ++ ಲೂಪ್ ಸೊನ್ನೆಯಿಂದ ವೆಕ್ಟರ್‌ನ (ಐಟಂಗಳ ಪಟ್ಟಿಯ) 'ಸೈಜ್ ಮೈನಸ್ 1'ರ ತನಕ ಹೋಗುತ್ತದೆ. ವೆಕ್ಟರ್ ಖಾಲಿ ಇದ್ದರೆ ಅದು -1 ಆಗಬೇಕು, ಲೂಪ್ ಒಮ್ಮೆಯೂ ಓಡಬಾರದು ಅಂತ ನಿಮ್ಮ ಲೆಕ್ಕ. ಆದರೆ ಸೈಜ್ ಕೊಡುವ ಸಂಖ್ಯೆಗೆ ಮೈನಸ್ ಅನ್ನುವುದೇ ಗೊತ್ತಿಲ್ಲ, ಅದು ಅನ್‌ಸೈನ್ಡ್. ಸೊನ್ನೆಯಿಂದ 1 ಕಳೆದರೆ ಗಾಡಿಯ ಮೀಟರನ್ನು ಹಿಂದಕ್ಕೆ ತಿರುಗಿಸಿದ ಹಾಗೆ, ಎಲ್ಲಾ ಅಂಕಿಗಳೂ ತುದಿಗೆ ಹೋಗಿ ಕೂರುತ್ತವೆ. 64 ಬಿಟ್ ಮಷಿನ್‌ನಲ್ಲಿ ಸಿಗುವುದು 18446744073709551615. ಅಷ್ಟು ಸಲ ಓಡುವ ಮೊದಲೇ, ಇಲ್ಲದ ಐಟಂ ಮುಟ್ಟಲು ಹೋಗಿ ಪ್ರೋಗ್ರಾಂ ಬಿದ್ದುಹೋಗುತ್ತದೆ.

ಲೂಪ್ ಎಣಿಸುವ ಐ ಅನ್ನು ಇಂಟ್ (ಮೈನಸ್ ಗೊತ್ತಿರುವ ಸಂಖ್ಯೆ) ಮಾಡಿದರೂ ಪ್ರಯೋಜನವಿಲ್ಲ. ಹೋಲಿಸುವಾಗ ಅದೂ ಅನ್‌ಸೈನ್ಡ್ ಆಗಿಬಿಡುತ್ತದೆ. ವಾರ್ನಿಂಗ್ ಆನ್ ಮಾಡಿದ್ದರೆ ಕಂಪೈಲರ್ ಹೇಳುತ್ತದೆ, ನಾವು ಓದುವುದಿಲ್ಲ ಅಷ್ಟೇ.

ಕಳೆಯುವುದನ್ನು ಬಿಟ್ಟು ಕೂಡಿಸಿ: 'ಐ < ಸೈಜ್' ಎಂದು ಬರೆಯಿರಿ. ಪಕ್ಕದ ಎರಡು ಐಟಂ ಹೋಲಿಸಬೇಕಿದ್ದರೆ 'ಐ + 1 < ಸೈಜ್'. ಖಾಲಿ ಇದ್ದರೆ ತಾನಾಗಿಯೇ ಲೂಪ್ ಓಡುವುದಿಲ್ಲ, ಬೇರೆ ಇಫ್ ಬೇಕಿಲ್ಲ. ನಾನು ಕೆಟ್ಟದಾಗಿ ಸಿಕ್ಕಿಬಿದ್ದಿದ್ದು ಹಿಂದಿನಿಂದ ಓಡುವ ಲೂಪ್‌ನಲ್ಲಿ. 'ಐ >= 0' ಅಂತ ಹಾಕಿದ್ದೆ. ಅನ್‌ಸೈನ್ಡ್ ಸಂಖ್ಯೆ ಯಾವತ್ತೂ ಸೊನ್ನೆಗಿಂತ ಕಡಿಮೆ ಆಗುವುದಿಲ್ಲ, ಲೂಪ್ ನಿಲ್ಲುವುದೂ ಇಲ್ಲ. ಒಂದು ಇಡೀ ಸಂಜೆ ಹೋಯಿತು. ಈಗ ಐ ಅನ್ನು ಸೈಜ್‌ನಿಂದ ಶುರು ಮಾಡಿ, ಕಂಡೀಶನ್ ಜಾಗದಲ್ಲೇ 'ಐ-- > 0' ಎಂದು ಬರೆಯುತ್ತೇನೆ.

ಚೌಕ ಬ್ರಾಕೆಟ್ ಹಾಕಿ ಐಟಂ ತೆಗೆದರೆ ಸಾಮಾನ್ಯವಾಗಿ ಗಡಿ ಯಾರೂ ನೋಡುವುದಿಲ್ಲ. 'ಆ್ಯಟ್' ಬಳಸಿದರೆ ಎಕ್ಸೆಪ್ಶನ್ ಬರುತ್ತದೆ, ತಪ್ಪು ಅಲ್ಲೇ ಸಿಗುತ್ತದೆ. ಖಾಲಿ ವೆಕ್ಟರ್ ಮೇಲೆ ಕೊನೆಯ ಐಟಂ ಕೊಡುವ 'ಬ್ಯಾಕ್' ಕರೆದರೆ ಏನು ಬೇಕಾದರೂ ಆಗಬಹುದು, ಮೊದಲು 'ಎಂಪ್ಟಿ' ನೋಡಿಕೊಳ್ಳಿ. ರಸ್ಟ್ ಭಾಷೆಯಲ್ಲಿ 'ಲಾಸ್ಟ್' ಕೇಳಿದರೆ ಆಪ್ಶನ್ (ಐಟಂ ಇರಬಹುದು, ಇಲ್ಲದೆಯೂ ಇರಬಹುದು ಎನ್ನುವ ಉತ್ತರ) ಕೈಗೆ ಕೊಡುತ್ತದೆ. ಖಾಲಿ ಇದ್ದರೆ ಏನು ಮಾಡುವುದು ಅಂತ ಆಗಲೇ ಯೋಚಿಸಬೇಕು, ನನಗೆ ಅದೇ ಇಷ್ಟ. ಪೈಥಾನ್‌ನಲ್ಲಿ ಬೇರೆ ಥರದ ಗುಂಡಿ: ಲಿಸ್ಟ್ ಖಾಲಿ ಇದ್ದರೆ ಇಂಡೆಕ್ಸ್ ಎರರ್ ಬರುತ್ತದೆ, ಆದರೆ ತುಂಬಿದ್ದಾಗ ತಪ್ಪಿ -1ಕ್ಕೆ ಹೋದರೆ ಸುಮ್ನೆ ಕೊನೆಯ ಐಟಂ ಕೊಟ್ಟುಬಿಡುತ್ತದೆ.

ಅಂದ ಹಾಗೆ, ನಿಮ್ಮ ಕೋಡ್‌ನ ಮೇಲ್ಭಾಗದಲ್ಲಿ 'ರಿಸರ್ವ್ 100' ಇದೆ. ಅದು ಜಾಗ ಮಾತ್ರ ಕಾದಿಡುತ್ತದೆ, ಸೈಜ್ ಇನ್ನೂ ಸೊನ್ನೆಯೇ. ನಿಮಗೆ ಬೇಕಿದ್ದದ್ದು 'ರೀಸೈಜ್' ಅನ್ನಿಸುತ್ತದೆ.