60 ಪುಟದ ವರದಿಗೆ ಉತ್ತರ ಬರದಿದ್ದರೆ

ಹೈಸ್ಕೂಲ್ ಹುಡುಗಿಯರು ವಾರದ ಕಬ್ಬಿಣಾಂಶದ ಮಾತ್ರೆ ನುಂಗುತ್ತಿಲ್ಲ ಎಂಬ ನಿಮ್ಮ ವರದಿಗೆ ನಾಲ್ಕು ತಿಂಗಳಾದರೂ ಉತ್ತರವಿಲ್ಲ ಅಂದಿರಿ. ಬಹುಶಃ ಆ 60 ಪುಟಗಳಲ್ಲಿ 'ಈಗ ಯಾರು ಏನು ಮಾಡಬೇಕು' ಅನ್ನುವ ಸಾಲೇ ಇಲ್ಲ. ಸಮಸ್ಯೆ ಅಧಿಕಾರಿಗೂ ಗೊತ್ತಿರುತ್ತದೆ. ಅವರಿಗೆ ಬೇಕಿರುವುದು ತಮ್ಮ ಕೈಯಲ್ಲಿ ಆಗುವ ಕೆಲಸ.

ಮೊದಲು ಒಂದೇ ಪುಟ ಬರೆಯಿರಿ, ಕನ್ನಡದಲ್ಲಿ. ಮೇಲಿನ ಸಾಲಿನಲ್ಲೇ ಬೇಡಿಕೆ ಇರಲಿ: 'ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಬಿಸಿಯೂಟದ ನಂತರ, ಟೀಚರ್ ಎದುರಲ್ಲೇ ನುಂಗಿಸಬೇಕು.' ಹೊಸ ಯೋಜನೆ ಕೇಳಬೇಡಿ. ರಕ್ತಹೀನತೆ ತಗ್ಗಿಸಲು 2018ರಲ್ಲಿ ಶುರುವಾದ ಕೇಂದ್ರದ 'ಅನೀಮಿಯಾ ಮುಕ್ತ ಭಾರತ' ಯೋಜನೆಯಲ್ಲೇ ಇದಕ್ಕೆ ಜಾಗ ಇದೆ, ಅಲ್ವಾ? ಆಮೇಲೆ ನಿಮ್ಮ ತಾಲ್ಲೂಕಿನ ಎರಡು ಮೂರು ಅಂಕಿ ಸಾಕು. 'ಖಾಲಿ ಹೊಟ್ಟೆಗೆ ತಗೊಂಡ್ರೆ ವಾಕರಿಕೆ ಬರುತ್ತೆ' ಅನ್ನುವಂಥ ಹುಡುಗಿಯರ ಮಾತು ಒಂದನ್ನಾದರೂ ಸೇರಿಸಿ, ಹೆಸರು ಹಾಕದೆ. ನನ್ನ ಅನುಭವದಲ್ಲಿ ಅಂಕಿಗಿಂತ ಅದೇ ಜಾಸ್ತಿ ನೆನಪಲ್ಲಿ ಉಳಿಯುತ್ತದೆ.

ಬೆಂಗಳೂರಿಗೆ ಇಮೇಲ್ ಕಳಿಸಿ ಸುಮ್ನೆ ಕಾಯಬೇಡಿ. ಜಿಲ್ಲೆಯ ಆರ್‌ಸಿಎಚ್ (ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ) ಅಧಿಕಾರಿಯನ್ನು ನೇರವಾಗಿ ಕಾಣಿ. ಶಾಲೆಯ ವಿಷಯವೂ ಸೇರಿರುವುದರಿಂದ ಜಿಲ್ಲಾ ಪಂಚಾಯಿತಿ ಸಿಇಒಗೂ ಒಂದು ಪ್ರತಿ ಕೊಡಿ. ದುಡ್ಡು ಬೇಕಾಗುವ ಬೇಡಿಕೆಯಾದರೆ, ಹೊಸ ಬಜೆಟ್ ವರ್ಷ ಶುರುವಾಗುವ ಏಪ್ರಿಲ್‌ಗೆ ಸಾಕಷ್ಟು ಮುಂಚೆಯೇ ಹೋಗಿ. ಒಂದೇ ಭೇಟಿಗೆ ಕೆಲಸ ಆಗುತ್ತದೆ ಅನ್ನಲಾರೆ, ನನಗೆ ಮೂರು ಸಲ ಬೇಕಾಯಿತು. ಎದ್ದು ಬರುವ ಮುಂಚೆ ಮುಂದಿನ ಭೇಟಿಯ ದಿನ ಕೇಳಿಕೊಂಡೇ ಬನ್ನಿ.