ಉಡುಪಿಯ ಶಾಲೆಯಲ್ಲಿ ಕೂತು ಅಮೆರಿಕದ ನ್ಯಾಷನಲ್ ಪಾರ್ಕ್ ನೇರವಾಗಿ ನೋಡಬಹುದೇ?

ಏಳನೇ ಕ್ಲಾಸಿನ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನ, ಐತಿಹಾಸಿಕ ಸ್ಥಳಗಳನ್ನು ಆನ್‌ಲೈನ್‌ನಲ್ಲಿ ತೋರಿಸಬೇಕು, ಅಮೆರಿಕದ ರೇಂಜರ್‌ಗಳು (ಪಾರ್ಕ್ ಸಿಬ್ಬಂದಿ) ವಿಡಿಯೋ ಕಾಲ್‌ನಲ್ಲಿ ಪಾಠ ಮಾಡುತ್ತಾರಂತೆ, ನಮಗೂ ಸಿಗುತ್ತದೆಯೇ, ಕಾರ್ಕಳದ ಗೊಮ್ಮಟನನ್ನೂ ಹೀಗೆ ತೋರಿಸಬಹುದೇ ಎಂದು ಕೇಳಿದ್ದೀರಿ.

ರೇಂಜರ್ ಪಾಠ ಇರುವುದು ಹೌದು ಟೀಚರ್, ಹಲವು ಪಾರ್ಕ್‌ಗಳಲ್ಲಿ ಉಚಿತ. ತೊಡಕಿರುವುದು ಗಡಿಯಾರದಲ್ಲಿ. ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನಿಯನ್ ಪಾರ್ಕ್ ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ಅಲ್ಲಿನ ಬೆಳಿಗ್ಗೆ 8ರಿಂದ ಸಂಜೆ 4 ಅಂದರೆ ಇಲ್ಲಿ ರಾತ್ರಿ 8:30ರಿಂದ ನಸುಕಿನ 4:30. ಪೂರ್ವ ಕರಾವಳಿಯ ಪಾರ್ಕ್ ಆದರೆ ಅಲ್ಲಿನ ಬೆಳಿಗ್ಗೆ 8ಕ್ಕೆ ಇಲ್ಲಿ ಸಂಜೆ 5:30. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ 6:30. ಅರಿಜೋನಾದ ಹೆಚ್ಚಿನ ಭಾಗ, ಹವಾಯಿಯಲ್ಲಿ ಮಾತ್ರ ಗಡಿಯಾರ ವರ್ಷವಿಡೀ ಬದಲಾಗುವುದಿಲ್ಲ. ಒಂದು ಗಂಟೆ ತಪ್ಪುವುದು ಇಲ್ಲಿಯೇ. ತಾರೀಕೂ ತಪ್ಪುತ್ತದೆ, ಹಾಗಾಗಿ ಅರ್ಜಿಯಲ್ಲಿ ಎರಡೂ ದೇಶದ ತಾರೀಕು ಬರೆಯಿರಿ, ಹೊರದೇಶದ ಶಾಲೆಗೆ ಕೊಡುತ್ತಾರೋ ಎಂದು ಮೊದಲೇ ಕೇಳಿ. ಬಸ್ಸು ತಪ್ಪಿದರೆ ಮನೆಗೆ ಹೋಗಲಾಗದ ಮಕ್ಕಳಿದ್ದರೆ ಈ ಆಸೆ ಬಿಡುವುದೇ ಒಳ್ಳೆಯದು.

ನನ್ನ ಸಲಹೆ ಬೇರೆ. ನಮ್ಮ ಪೀರಿಯಡ್ ಹೊತ್ತಿಗೆ ಅಲ್ಲಿ ಏನು ಕಾಣುತ್ತದೋ ಅದನ್ನು ಹಿಡಿಯಿರಿ. ಅಲಾಸ್ಕಾದ ಕಾಟ್ಮೈ ಪಾರ್ಕಿನಲ್ಲಿ ಬ್ರೂಕ್ಸ್ ಫಾಲ್ಸ್ ಎಂಬ ಸುಮಾರು ಆರಡಿ ಎತ್ತರದ ಜಲಪಾತವುಂಟು, ಅಲ್ಲಿ ನೇರಪ್ರಸಾರದ ಕ್ಯಾಮೆರಾ ಇದೆ. ಜುಲೈನಲ್ಲಿ ಸಾಲ್ಮನ್ ಮೀನು ಸಮುದ್ರದಿಂದ ಹೊಳೆಗೆ ಏರುತ್ತದೆ, ಕಂದು ಕರಡಿಗಳು ಜಲಪಾತದ ತಲೆಯ ಮೇಲೆ ಬಾಯ್ದೆರೆದು ನಿಂತಿರುತ್ತವೆ. ಇಲ್ಲಿ ಬೆಳಿಗ್ಗೆ 10 ಆದಾಗ ಅಲ್ಲಿ ಹಿಂದಿನ ದಿನ ರಾತ್ರಿ 8:30. ಆದರೆ ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 11ರ ಆಸುಪಾಸು. ಆಟಿ ತಿಂಗಳ ಮಳೆಗೆ ಮಕ್ಕಳು ಅಂಗಳಕ್ಕಿಳಿಯಲಾಗದ ದಿನಗಳಲ್ಲೇ ಇದು ಸಿಗುವುದು ನಮ್ಮ ಪುಣ್ಯ! ಸೆಪ್ಟೆಂಬರ್‌ನಲ್ಲೂ ಕರಡಿ ಬರುತ್ತವೆ, ಆಗ ಬೇಗ ಕತ್ತಲಾಗುವುದರಿಂದ ಮೊದಲ ಪೀರಿಯಡ್‌ನಲ್ಲೇ ಮುಗಿಸಬೇಕು.

ಸುಮ್ಮನೆ ನೋಡಿಸಿದರೆ ಐದು ನಿಮಿಷಕ್ಕೆ ಗಲಾಟೆ ಶುರು. ಎಣಿಸಲು ಕೊಡಿ: ಹತ್ತು ನಿಮಿಷದಲ್ಲಿ ಎಷ್ಟು ಮೀನು ಹಾರಿತು, ಎಷ್ಟು ಕರಡಿ ಬಾಯಿಗೆ ಬಿತ್ತು, ಯಾವ ಕರಡಿ ಜಾಗ ಬಿಟ್ಟುಕೊಟ್ಟಿತು. ಕರಡಿಯೇ ಇಲ್ಲದಿದ್ದರೆ ಪ್ರಸಾರವನ್ನು ಹಿಂದಕ್ಕೆ ಎಳೆಯಲು ಆಗುತ್ತದೆಯೇ ನೋಡಿ, ಯೂಟ್ಯೂಬ್‌ನಲ್ಲಿ ಬಹಳ ಸಲ ಆಗುತ್ತದೆ. ಆಮೇಲೆ ಕೇಳಬೇಕಾದ ಪ್ರಶ್ನೆ ಊರಿನದು: ಮಳೆ ಹಿಡಿದ ಮೊದಲ ದಿನಗಳಲ್ಲಿ ಗದ್ದೆಗೆ ಏರುವ ಉಬರ್ ಮೀನಿಗೂ ಇದಕ್ಕೂ ಏನು ಸಾಮ್ಯ, ಏನು ವ್ಯತ್ಯಾಸ? ಆ ಸಾಲ್ಮನ್ ಮೊಟ್ಟೆಯಿಟ್ಟ ಮೇಲೆ ಸತ್ತೇಹೋಗುತ್ತದೆ. ನಮ್ಮ ಮೀನಿನ ಬಗ್ಗೆ ಮಕ್ಕಳಿಗೇ ಟೀಚರ್‌ಗಿಂತ ಹೆಚ್ಚು ಗೊತ್ತಿರುತ್ತದೆ, ಹೇಳಲು ಬಿಡಿ.

ಎರಡನೆಯದು ಹವಾಯಿಯ ಕಿಲೌಯೆಯ ಜ್ವಾಲಾಮುಖಿ. ಇಲ್ಲಿ ಬೆಳಿಗ್ಗೆ 9:30, ಅಲ್ಲಿ ಹಿಂದಿನ ಸಂಜೆ 6. ಕತ್ತಲಾದ ಮೇಲೆ ಲಾವಾದ ಕೆಂಪು ಚೆನ್ನಾಗಿ ಕಾಣುವುದರಿಂದ 11ರ ನಂತರದ ಪೀರಿಯಡ್ ಇಟ್ಟುಕೊಳ್ಳಿ. ಸ್ಫೋಟ ನಿಂತಿರುವ ದಿನ ಬರೀ ಹೊಗೆ, ಆದ್ದರಿಂದ ಅದೇ ಬೆಳಿಗ್ಗೆ ಒಮ್ಮೆ ನೋಡಿಯೇ ಕ್ಲಾಸಿಗೆ ಹೋಗಿ. ಇದರ ಜೋಡಿ ನಮ್ಮ ಮಲ್ಪೆಯ ಎದುರಿಗಿದೆ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣಿದು, ಕುಗ್ಗಿ, ಬಿರುಕು ಬಿಟ್ಟು ಆದವು. ಮಳೆಗಾಲದಲ್ಲಿ ಬೋಟ್ ಬಂದ್, ಫೋಟೋಗಳನ್ನು ಬೇಸಿಗೆಯಲ್ಲೇ ತೆಗೆದಿಟ್ಟುಕೊಳ್ಳಿ. ಬಿರುಕು ಹೇಗೆ ಕಂಬವಾಗುತ್ತದೆ ಎಂದು ತೋರಿಸಲು ಕಾರ್ನ್‌ಫ್ಲೋರ್ ಮತ್ತು ನೀರು ಸಮ ತೂಕಕ್ಕೆ ಕಲಸಿ, ಗ್ಲಾಸಿನಲ್ಲಿ ಎರಡಿಂಚು ಹೊಯ್ದು, ಹಳೆಯ 60 ವ್ಯಾಟ್ ಬಲ್ಬಿನ ಕೆಳಗೆ ಪೂರ್ತಿ ಒಣಗುವವರೆಗೆ ಇಡಿ. ಒಂದು ವಾರ ಹಿಡಿಯಬಹುದು. ಒಡೆದು ನೋಡಿದರೆ ಒಳಗೆ ಪುಟ್ಟ ಕಂಬಗಳು. ಎಲ್‌ಇಡಿ ಬಲ್ಬಿಗೆ ಬಿಸಿ ಸಾಲದು, ಮಳೆಗಾಲದಲ್ಲಿ ಹಿಟ್ಟು ಹುಳಿದು ನಾರುತ್ತದೆ ಅಷ್ಟೆ.

ಕಾರ್ಕಳದ್ದು ಖಂಡಿತ ಆಗುತ್ತದೆ, ಆದರೆ ಪರದೆ ಗಾತ್ರದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಮೂರು ಗೊಮ್ಮಟರ ಚಿತ್ರ ಸಾಲಾಗಿ ಹಾಕಿದರೆ ಮೂರೂ ಒಂದೇ ಎತ್ತರ. ಒಂದು ಹಗ್ಗಕ್ಕೆ ವೇಣೂರಿನ 35 ಅಡಿ, ಕಾರ್ಕಳದ 42 ಅಡಿ, ಶ್ರವಣಬೆಳಗೊಳದ ಸುಮಾರು 58 ಅಡಿಗೆ ಬಣ್ಣದ ಬಟ್ಟೆ ಕಟ್ಟಿ ವರಾಂಡದ ಉದ್ದಕ್ಕೆ ಹಾಸಿ, ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿ. ವರ್ಷಗಳು ಕ್ರಮವಾಗಿ 1604, 1432, ಹತ್ತನೇ ಶತಮಾನದ ಕೊನೆ. ದೊಡ್ಡದೇ ಹಳೆಯದು ಎಂಬುದನ್ನು ಯಾರಾದರೂ ಒಬ್ಬ ಹುಡುಗಿ ಕಂಡುಹಿಡಿದೇ ಹಿಡಿಯುತ್ತಾಳೆ.

ಇನ್ನು ವೈರು, ಕರೆಂಟು. ಎಚ್‌ಡಿಎಂಐ ವೈರು ಹಾಕಿದ ಕೂಡಲೇ ಧ್ವನಿ ಪ್ರೊಜೆಕ್ಟರ್‌ಗೆ ಹೋಗಿ ಕ್ಲಾಸಿಗೆ ಏನೂ ಕೇಳದಿರುವುದು ಎಲ್ಲಾ ಕಡೆ ಆಗುವ ಕಥೆ. ಲ್ಯಾಪ್‌ಟಾಪ್‌ನಲ್ಲಿ ಧ್ವನಿಯ ದಾರಿಯನ್ನು ಹೊರಗಿನ ಸ್ಪೀಕರ್‌ಗೆ ಬದಲಿಸಿ. ಶೀಟಿನ ಛಾವಣಿಯಿದ್ದರೆ ಮಳೆಯ ಸದ್ದಿಗೆ ಯಾವ ಸ್ಪೀಕರೂ ಸಾಲದು, ಕನ್ನಡದಲ್ಲಿ ನೀವೇ ವಿವರಿಸುವುದು ವಾಸಿ. ಮೊಬೈಲ್ ಹಾಟ್‌ಸ್ಪಾಟ್ ಆದರೆ ವಿಡಿಯೋದ ಗುಣಮಟ್ಟ 480ಪಿಯಲ್ಲೇ ಇಡಿ, 720ಪಿಯಲ್ಲಿ ಗಂಟೆಗೆ 1 ಜಿಬಿಗಿಂತ ಹೆಚ್ಚು ಹೋಗಬಹುದು, ದಿನದ 1.5 ಜಿಬಿ ಪ್ಯಾಕ್ ಎರಡು ಕ್ಲಾಸಿಗೆ ಬರಿದಾದೀತು. ಕರೆಂಟು ಹೋದರೆ ಎಂದು ಹತ್ತು ನಿಮಿಷದ ರೆಕಾರ್ಡಿಂಗ್ ಪೆನ್‌ಡ್ರೈವ್‌ನಲ್ಲಿರಲಿ, ಜೊತೆಗೆ ನಾಲ್ಕು ಚಿತ್ರಗಳ ಪ್ರಿಂಟ್. ಅಮೆರಿಕದ ಪಾರ್ಕ್ ಇಲಾಖೆಯ ಸಿಬ್ಬಂದಿ ತೆಗೆದ ಫೋಟೋಗಳಿಗೆ ಹಕ್ಕುಸ್ವಾಮ್ಯವಿಲ್ಲ, ಬೇಕಾದಷ್ಟು ಪ್ರಿಂಟ್ ಮಾಡಿ. ಕೆಳಗೆ ಬೇರೆ ಛಾಯಾಗ್ರಾಹಕರ ಹೆಸರಿದ್ದರೆ ಮಾತ್ರ ಬಿಟ್ಟುಬಿಡಿ.