ಸ್ಮರಣ ಸಂಪುಟದಲ್ಲಿ ಹೆಸರುಗಳ ಕ್ರಮ: ಪ್ರತಿಕ್ರಿಯೆ

ನಿಮ್ಮ ವಿಭಾಗದ ಸ್ಮರಣ ಸಂಪುಟದಲ್ಲಿ ‘ವಿಶ್ವವಿದ್ಯಾಲಯ’ ಬಳಸಬೇಕೋ ‘ವಿಶ್ವವಿದ್ಯಾನಿಲಯ’ ಬಳಸಬೇಕೋ, ಗ್ರಂಥಸೂಚಿಯಲ್ಲಿ ಲೇಖಕರನ್ನು ಹೇಗೆ ಜೋಡಿಸಬೇಕು ಎಂದು ಕೇಳಿದ್ದೀರಿ.

ಮೊದಲನೆಯದು ಸುಲಭ. ಸಂಸ್ಥೆ ತನ್ನನ್ನು ಹೇಗೆ ಕರೆದುಕೊಳ್ಳುತ್ತದೆಯೋ ಹಾಗೆಯೇ ಬರೆಯಿರಿ: ಮೈಸೂರು ವಿಶ್ವವಿದ್ಯಾನಿಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಸಾಮಾನ್ಯ ಅರ್ಥದಲ್ಲಿ ಬಂದಾಗ ಯಾವುದಾದರೂ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಿ.

ತೊಡಕಿರುವುದು ಗ್ರಂಥಸೂಚಿಯಲ್ಲಿ. ಕೊನೆಯ ಹೆಸರನ್ನು ಮುಂದಕ್ಕೆ ತರುವ ಪಾಶ್ಚಾತ್ಯ ಕ್ರಮವು ‘ಬೇಂದ್ರೆ, ದ.ರಾ.’ ಎಂಬಲ್ಲಿ ಸರಿಯಾಗಿ ಕೂರುತ್ತದೆ, ಏಕೆಂದರೆ ಬೇಂದ್ರೆ ಎಂಬುದು ಮನೆತನದ ಹೆಸರು. ತೀ.ನಂ. ಶ್ರೀಕಂಠಯ್ಯ ಅವರಲ್ಲಿ ಶ್ರೀಕಂಠಯ್ಯ ಎಂಬುದೇ ಸ್ವಂತ ಹೆಸರು; ತೀರ್ಥಪುರ ಊರು, ನಂಜುಂಡಯ್ಯ ತಂದೆ. ‘ಶ್ರೀಕಂಠಯ್ಯ, ತೀ.ನಂ.’ ಎಂದು ಬರೆದರೆ ತಪ್ಪಲ್ಲ, ಆದರೆ ಅದನ್ನು ಮನೆತನದ ಹೆಸರೆಂದು ಭಾವಿಸಬೇಡಿ. ಕುವೆಂಪು ಅವರನ್ನು ಪುಟ್ಟಪ್ಪ ಎಂದು ‘ಪ’ಕಾರದಲ್ಲಿ ಅಡಗಿಸಿಟ್ಟರೆ ಯಾವ ವಿದ್ಯಾರ್ಥಿ ಹುಡುಕಿಯಾನು? ಕೃತಿಯ ಮುಖಪುಟದಲ್ಲಿರುವ ಹೆಸರನ್ನೇ ಕೊಡಿ. ಬೇಕಿದ್ದರೆ ‘ಪುಟ್ಟಪ್ಪ, ಕೆ.ವಿ.: ಕುವೆಂಪು ನೋಡಿ’ ಎಂದು ಅಡ್ಡಸೂಚನೆ ಹಾಕಿ. ಗ್ರಂಥಸೂಚಿ ಜೋಡಿಸುವ ತಂತ್ರಾಂಶ ತಾನಾಗಿ ಹೆಸರು ತಿರುಗಿಸುತ್ತದೆ ಎಂದು ನಂಬಿ ಬಿಡಬೇಡಿ, ಅದಕ್ಕೆ ಮನೆತನದ ಹೆಸರೂ ಒಂದೇ, ಸ್ವಂತ ಹೆಸರೂ ಒಂದೇ.

ಡಾ., ಪ್ರೊ. ಎಂಬ ಬಿರುದುಗಳನ್ನು ಗ್ರಂಥಸೂಚಿಯಿಂದ ಪೂರ್ತಿ ತೆಗೆಯಿರಿ. ಲೇಖನದೊಳಗೆ ‘ಅವರು’ ಸಾಕು. ಹಿರಿಯ ಪ್ರಾಧ್ಯಾಪಕರು ಮುನಿಸಿಕೊಂಡರೆ ಲೇಖಕರ ಪರಿಚಯದ ಪುಟದಲ್ಲಿ ಎಲ್ಲ ಪದವಿಗಳನ್ನೂ ಧಾರಾಳವಾಗಿ ಅಚ್ಚು ಹಾಕಿಸಿ.